ಹನ್ನೊಂದು ಸಾಲು

ಗದಗಕ್ಕೆ ಹೊರಟಾಗ ಮಂದಾಕಿನಿಯ ಬ್ಯಾಗಿನಲ್ಲಿ ಒಂದು ಒಪ್ಪಂದದ ಪತ್ರವಿತ್ತು...

ಅವಳು ನಲವತ್ತು ಆಸ್ಪತ್ರೆಗಳಿರುವ ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಮುಖ್ಯಸ್ಥೆ.

ಆ ಆಸ್ಪತ್ರೆಗಳಲ್ಲಿ ರಕ್ತಪರೀಕ್ಷೆಯ ಮಷಿನ್‌ನಿಂದ ರಿಸಲ್ಟನ್ನು ಕಂಪ್ಯೂಟರಿಗೆ ತರುವ ಪ್ರೋಗ್ರಾಂ ಮಾತ್ರ ಕಂಪನಿಯದಲ್ಲ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್. ಹದಿನಾಲ್ಕು ವರ್ಷದಿಂದ ಅದನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ... ಪಾಲಿಟೆಕ್ನಿಕ್‌ನ ನಿವೃತ್ತ ಉಪನ್ಯಾಸಕ ಚನ್ನವೀರಪ್ಪ.

ಈ ತಿಂಗಳಿಗೆ ಬಿಡುತ್ತೇನೆ ಎಂದು ಅವರು ತಿಳಿಸಿಬಿಟ್ಟಿದ್ದರು. ಹಣ ಕೊಟ್ಟಾದರೂ ಸರಿ, ಮುಂದುವರಿಸಲು ಒಪ್ಪಿಸಿ ಬಾ ಎಂದು ಕಂಪನಿ ಅವಳನ್ನು ಕಳಿಸಿತ್ತು.

"ಬರ್ರಿ ಮೇಡಂ, ಕುಂಡ್ರಿ" ಎಂದರು ಚನ್ನವೀರಪ್ಪ.

"ಯಾಕೆ ಸರ್ ಬಿಡ್ತಿದ್ದೀರಿ?"

"ಒಂದು ತಪ್ಪು ಸಿಗವಲ್ದು. ಕರೆಂಟ್ ಹೋಗಿ ಬಂದಾಗ ಒಮ್ಮೊಮ್ಮೆ ಒಬ್ಬರ ರಿಸಲ್ಟ್ ಇನ್ನೊಬ್ಬರ ಹೆಸರಿಗೆ ಹೋಗ್ತದ. ರೋಣದ ಒಂದು ಸಣ್ಣ ಲ್ಯಾಬಿನವರು ತಿಳಿಸಿದ್ರು. ಇಂಥಾದ್ದನ್ನ ಹಿಡೀಲಿಕ್ಕೆ ಆಗದವ ಇದನ್ನ ಇಟ್ಕೊಂಡು ಕೂಡಬಾರದು."

ಹುಡುಕಲು ಬೇಕಾದ, ಲಕ್ಷಗಟ್ಟಲೆ ಬೆಲೆಯ ಮಷಿನ್ ಅವರ ಬಳಿ ಎಲ್ಲಿಂದ ಬರಬೇಕು... ಎರಡು ವರ್ಷದಿಂದ ಪ್ರತಿ ಶನಿವಾರ ಬಸ್ಸು ಹಿಡಿದು ರೋಣದ ಆ ಲ್ಯಾಬಿಗೇ ಹೋಗಿ ಹುಡುಕುತ್ತಿದ್ದರು.

"ಆ ಬಸ್ಸಿನ ಕಂಡಕ್ಟರ್‌ಗೆ ಇವರು ನನಗಿಂತ ಹೆಚ್ಚು ಪರಿಚಯ" ಎಂದು ನಗುತ್ತಾ ಅವರ ಹೆಂಡತಿ ನೀಲಮ್ಮ ಚಹಾ ಇಟ್ಟರು.

ಮಂದಾಕಿನಿಗೆ ನಗಲಾಗಲಿಲ್ಲ.

ಮೂರು ವರ್ಷದ ಹಿಂದೆ ಅವಳ ಟೀಮಿನ ಶರ್ವಾಣಿ ಇದೇ ತಪ್ಪನ್ನು ಒಂದು ಮಧ್ಯಾಹ್ನದಲ್ಲಿ ಹಿಡಿದು ಸರಿಮಾಡಿದ್ದಳು. ಹನ್ನೊಂದು ಸಾಲು ಕೋಡ್, ಅಷ್ಟೇ.

"ಇದನ್ನ ಚನ್ನವೀರಪ್ಪನವರಿಗೂ ಕಳಿಸೋಣ್ವಾ ಮೇಡಂ?" ಎಂದು ಕೇಳಿಯೂ ಇದ್ದಳು.

ಕಂಪನಿಯ ಕೋಡ್ ಹೊರಗೆ ಕೊಡಲು ಲೀಗಲ್ ವಿಭಾಗದ ಅನುಮತಿಗೆ ಯಾರು ಅಲೆಯುತ್ತಾರೆ... "ನಮ್ಮದು ಸರಿಯಾಯ್ತಲ್ಲ, ಬಿಡು" ಎಂದವಳು ಮಂದಾಕಿನಿಯೇ.

ಹೇಳದೆಯೂ ಎದ್ದು ಹೋಗಬಹುದಿತ್ತು. ಆದರೆ ಮೇಜಿನ ಮೇಲೆ ಅವರ ನೋಟ್‌ಬುಕ್ ತೆರೆದಿತ್ತು... ಶನಿವಾರಕ್ಕೊಂದು ಪುಟ, ಪ್ರತಿ ಪುಟದ ಕೊನೆಗೂ 'ಸಿಗಲಿಲ್ಲ'.

ಅವಳು ಎಲ್ಲವನ್ನೂ ಹೇಳಿದಳು. ಲ್ಯಾಪ್‌ಟಾಪ್ ತೆರೆದು ಆ ಸಾಲುಗಳನ್ನು ಅವರ ಮುಂದಿಟ್ಟಳು.

ಅವರು ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಬೈಯುತ್ತಾರೆ ಎಂದುಕೊಂಡು ಅವಳು ತಲೆ ತಗ್ಗಿಸಿದಳು.

"ಅಂದ್ರ... ನಿಮ್ಮ ದವಾಖಾನಿಯೊಳಗ ಮೂರು ವರ್ಷದಿಂದ ಯಾರಿಗೂ ತಪ್ಪು ರಿಪೋರ್ಟ್ ಹೋಗಿಲ್ಲಲ್ಲ?"

"ಇಲ್ಲ ಸರ್..."

"ಛಲೋ ಆತು" ಎಂದರು. ಕಣ್ಣು ತುಂಬಿತ್ತು. "ಅಷ್ಟು ಮಂದಿಯಾದ್ರೂ ಉಳಕೊಂಡ್ರು."

ಮಂದಾಕಿನಿಯೂ ಕಣ್ಣೊರೆಸಿಕೊಂಡಳು. ಒಪ್ಪಂದದ ಪತ್ರ ಬ್ಯಾಗಿನಿಂದ ಹೊರಬರಲೇ ಇಲ್ಲ. ಅಲ್ಲೇ ಕೂತು ಲೀಗಲ್ ವಿಭಾಗಕ್ಕೆ ಫೋನ್ ಮಾಡಿ, ಅನುಮತಿ ಸಿಗುವವರೆಗೂ ಎದ್ದೇಳಲಿಲ್ಲ.

ಸಂಜೆಯೊಳಗೆ ಆ ಹನ್ನೊಂದು ಸಾಲು, ಶರ್ವಾಣಿಯ ಹೆಸರಿನೊಂದಿಗೆ, ಎಲ್ಲರಿಗೂ ಸಿಗುವಂತಾಯಿತು.

ಮುಂದಿನ ಶನಿವಾರ ನೀಲಮ್ಮನ ಫೋನ್. "ಇವತ್ತು ಇವರು ಮನ್ಯಾಗೇ ಅದಾರ್ರಿ. ಬಿಡೂದಿಲ್ಲಂತ, ಇನ್ನೊಂದೆರಡು ವರ್ಷ ನೋಡ್ಕೋತಾರಂತ. ಆದ್ರ ಪರೀಕ್ಷೆ ಮಾಡ್ಲಿಕ್ಕೆ ನಿಮ್ಮ ಮಷಿನ್ ವಾರಕ್ಕ ಒಂದು ತಾಸು ಬಿಟ್ಟುಕೊಡ್ಬೇಕಂತ, ಕೇಳು ಅಂದ್ರು."

"ಒಂದು ತಾಸಷ್ಟೇ ಅಲ್ಲ ಅಮ್ಮಾ... ಒಬ್ಬ ಎಂಜಿನಿಯರ್‌ನೂ ಜೊತೆಗೆ ಕೊಡ್ತೀವಿ" ಎಂದಳು ಮಂದಾಕಿನಿ.

*

ನಮಗೆ ಸಿಕ್ಕ ಪರಿಹಾರವನ್ನು ನಮ್ಮಲ್ಲೇ ಇಟ್ಟುಕೊಂಡರೆ, ಅದೇ ಕಷ್ಟ ಇನ್ನೊಬ್ಬರ ಮನೆಯಲ್ಲಿ ಮುಂದುವರಿಯುತ್ತದೆ.

"ನಮ್ಮದು ಸರಿಯಾಯ್ತಲ್ಲ" ಎಂದು ನೀವು ಬಿಟ್ಟು ಬಂದ ಯಾವುದನ್ನು, ಯಾರು ಇವತ್ತಿಗೂ ಹುಡುಕುತ್ತಿರಬಹುದು...?