ತುಂಗಮ್ಮ ಓದುವಷ್ಟು ಹೊತ್ತು

ಅನ್ನ ಇನ್ನೂ ಅರೆಬೆಂದಿರುವಾಗಲೇ ಪಂಕಜಾಕ್ಷಿಯ ಒಲೆ ಆರಿತು. ಗ್ರಂಥಾಲಯದಿಂದ ತಂದ ಪುಸ್ತಕವನ್ನು ಯಾರಾದರೂ ಓದುತ್ತಿದ್ದರಷ್ಟೇ ಅದನ್ನು ಬರೆದವರ ಮನೆಯ ಒಲೆ ಉರಿಯುವ ಊರದು. ಅವಳ ಕಾದಂಬರಿಯನ್ನು ಈ ವಾರ ತಂದಿದ್ದವರು ಪಕ್ಕದ ಮನೆಯ ತುಂಗಮ್ಮ ಒಬ್ಬರೇ. ಮಗಳ ಶಾಲೆಯ ವ್ಯಾನ್ ಬರುವ ಹೊತ್ತಾಗಿತ್ತು, ಊಟದ ಡಬ್ಬಿ ಖಾಲಿ. ಸೌಟು ಹಿಡಿದೇ ಪಂಕಜಾಕ್ಷಿ ಕಾಂಪೌಂಡಿನ ಬಳಿ ಓಡಿದಳು.

"ತುಂಗಮ್ಮನೋರೇ, ಮತ್ತೆ ಯಾಕ್ರೀ ನಿಲ್ಸಿದ್ರಿ?"

"ನಿನ್ನ ಕಥೇಲಿ ಆ ಹುಡುಗಿಗೆ ಜ್ವರ ಏರ್ತಾ ಇದೆ ಕಣಮ್ಮ. ಅವಳು ಸಾಯೋದಾದ್ರೆ ನಾನು ಓದಲ್ಲಪ್ಪ. ನಿಂಗೆ ಕರುಳಿಲ್ವಾ?"

"ಸಾಯಲ್ಲ, ಓದಿ."

ಒಳಗೆ ಒಲೆ ಹತ್ತಿಕೊಂಡಿತು. ಸಮವಸ್ತ್ರ ತೊಟ್ಟು ನಿಂತಿದ್ದ ಮಗಳು ಪಿಸುಗುಟ್ಟಿದಳು, "ಅಮ್ಮ, ಅವಳು ಸಾಯ್ತಾಳಲ್ವಾ?"

"ಅದಕ್ಕಿನ್ನೂ ಮೂವತ್ತು ಪುಟ ಇದೆ. ಅಷ್ಟರಲ್ಲಿ ಅನ್ನ ಆಗುತ್ತೆ, ನೀನು ಡಬ್ಬಿ ತೊಳ್ಕೊಂಡು ಬಾ."