ಉಳಿದ ಅಂತ್ಯಗಳು

ಕಂಪ್ಯೂಟರ್ ಪರದೆಯೊಳಗೆ ಹೂಮಾಲೆ ಹಾಕಿಕೊಂಡು ನಿಂತ ವಧೂವರರಿಗೆ, ಗಾಜಿನಾಚೆ ಮೌಸ್ ಹಿಡಿದು ಕೂತ ಹುಡುಗಿ ಕಣ್ಣೊರೆಸಿಕೊಳ್ಳುವುದು ಕಾಣುತ್ತಿತ್ತು. ಅವರಿಬ್ಬರ ಕತೆ ಹೇಳುವ ಆ ಆಟಕ್ಕೆ ಮನಸೋತು ಅವಳು ಇಡೀ ಬೇಸಿಗೆ ರಜೆ ಕಳೆದಿದ್ದಳು. ಮೊದಲ ಭಾಗ ಕಾಲೇಜಿನ ಪ್ರೇಮ, ಎರಡನೆಯದು ಬರೀ ತಮಾಷೆ, ಮೂರನೆಯದು ಇದ್ದಕ್ಕಿದ್ದಂತೆ ಕೊಲೆಗಳ ಕತೆ. ಕತೆ ಎತ್ತ ಸಾಗಬೇಕೆಂದು ಆಟ ಕೇಳುವ ಪ್ರತಿ ಕವಲಿನಲ್ಲೂ ಉಗುರು ಕಚ್ಚುತ್ತ ಸರಿಯಾದ ದಾರಿಯನ್ನೇ ಆರಿಸಿ, ಇಬ್ಬರನ್ನೂ ಜೀವಂತವಾಗಿ ಮಂಟಪಕ್ಕೆ ತಂದಿದ್ದಳು.

"ನಮಗೋಸ್ಕರ ಅಳ್ತಿದಾಳೆ ನೋಡೇ," ಎಂದ ವರ. "ಎಷ್ಟು ಪ್ರೀತಿ ನಮ್ಮೇಲೆ!"

"ಅದೇ ಭಯ ನನಗೆ," ಎಂದಳು ವಧು.

"ಭಯ ಯಾಕೆ? ಕತೆ ಸುಖವಾಗಿ ಮುಗೀತಲ್ಲ."

"ಆಟ ಬೋರಾದೋರಾದ್ರೆ ಇಲ್ಲಿಗೇ ಬಿಟ್ಟು ಎದ್ದು ಹೋಗ್ತಾರೆ ಕಣೋ."

ಹುಡುಗಿ ಮೂಗೊರೆಸಿಕೊಂಡು, ಆಟವನ್ನು ಕೊಲೆಗಳ ಭಾಗದಲ್ಲಿ ಬರುವ ಬಾವಿಕಟ್ಟೆಯ ಕವಲಿಗೆ ಹಿಂದಕ್ಕೆ ಒಯ್ದಳು. ಕೊರಳ ಮಾಲೆಗಳು ಮಾಯವಾದವು. ಸುತ್ತ ಕತ್ತಲು ಕವಿಯಿತು.

"ಮುಗೀತಲ್ವಾ? ಮತ್ತೆ ಯಾಕೆ ಹಿಂದೆ ಹೋದೆ?" ಎಂದು ಪಕ್ಕದಲ್ಲಿದ್ದ ಗೆಳತಿ ಕೇಳಿದಳು.

ಹುಡುಗಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. "ಇವ್ರು ಸಾಯೋ ಅಂತ್ಯಗಳು ಇನ್ನೂ ಒಂಬತ್ತಿವೆ. ಇಷ್ಟು ಇಷ್ಟಪಟ್ಟ ಮೇಲೆ ಒಂದನ್ನಾದ್ರೂ ನೋಡದೆ ಬಿಡೋಕಾಗುತ್ತೇನೇ?"