ನೂರನೆಯ ನಿರ್ಗಮನ

“ಈ ಸಲ ನನ್ನ ಮುಳುಗಿಸೋನು ಯಾರು, ನೀನೇನಾ?”

ವಿಮಾನದ ಹೊಟ್ಟೆಯಿಂದ ಪೆಟ್ಟಿಗೆ ಇಳಿಸುತ್ತಿದ್ದ ಸಾಗಿಂಬಾಯ್ ತಲೆ ಎತ್ತಲಿಲ್ಲ. ಕೇಳಿದವನು ಎರ್ಮುಖಾನ್, ಕಜಕ್ ಹುಲ್ಲುಗಾವಲಿನ ಆ ಪುಟ್ಟ ನಿಲ್ದಾಣದಲ್ಲಿ ನೆಲದ ಕೆಲಸಗಳಿಗೆಲ್ಲ ಮುಖ್ಯಸ್ಥ. ಮಂಜಿನಿಂದಾಗಿ ವಿಮಾನ ನಲವತ್ತು ನಿಮಿಷ ತಡವಾಗಿ ಇಳಿದಿತ್ತು. ಮರಳಿ ಹೊರಡಲು ಉಳಿದದ್ದು ಇಪ್ಪತ್ತೆರಡು ನಿಮಿಷ. ಸತತ ತೊಂಬತ್ತೊಂಬತ್ತು ವಿಮಾನಗಳನ್ನು ಅವನು ವೇಳೆಗೆ ಸರಿಯಾಗಿ ಕಳುಹಿಸಿದ್ದ. ಇದೂ ಹೊರಟರೆ ಅಸ್ತಾನಾದ ಮುಖ್ಯ ಕಚೇರಿಯಲ್ಲಿ ಹುದ್ದೆ. ತಡವಾದರೆ ಎಣಿಕೆ ಮತ್ತೆ ಒಂದರಿಂದ.

“ಆಗಾ, ಅಣ್ಣಾ, ಇರೋದು ಎರಡೇ ಕೈ.”

“ಬಾಯಿ ಮಾತ್ರ ನಾಲ್ಕು.”

ಇಂಧನದ ಲಾರಿಯವನ ಸರದಿ ಬಂತು. “ಎಣ್ಣೆ ತುಂಬ್ತಿದ್ದೀಯೋ, ಕುದುರೆ ಹಾಲು ಕರೀತಿದ್ದೀಯೋ?” ಮೆಟ್ಟಿಲ ಬುಡದಲ್ಲಿ ಅಂಗೈ ಚಾಚಿ ಮೊಮ್ಮಕ್ಕಳನ್ನು ಹರಸುತ್ತಿದ್ದ ಮುದುಕನನ್ನೂ ಎರ್ಮುಖಾನ್ ಬಿಡಲಿಲ್ಲ. “ತಾತ, ಉಳಿದದ್ದನ್ನ ಸೀಟಲ್ಲಿ ಕೂತು ಹರಸಿ!”

ಸಾಗಿಂಬಾಯ್ ಸೂರ್ಯಕಾಂತಿ ಬೀಜದ ಸಿಪ್ಪೆಯೊಂದನ್ನು ಉಗುಳಿದ. ಮೊಣಕಾಲೂರಿ ಅವನೇ ಅದನ್ನು ಹೆಕ್ಕಬೇಕಾಯಿತು. “ಮುಠ್ಠಾಳ! ಎಂಜಿನ್ನಿನ ಬಾಯಿಗೆ ಏನೇ ಬಿದ್ರೂ ವಿಮಾನ ಇಲ್ಲೇ ಮಲಗುತ್ತೆ.”

ಸಾಗಿಂಬಾಯ್‌ನ ಕಣ್ಣು ಎಂಜಿನ್ನಿನ ಎದುರು ಎಳೆದ ಅಪಾಯದ ಕೆಂಪು ಗೆರೆಯತ್ತ ಹೊರಳಿತು. ಅಲ್ಲಿ ತಲೆಗೆ ಬಿಳಿ ವಸ್ತ್ರ ಸುತ್ತಿ, ನಿಲ್ದಾಣದ ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟು ಎರ್ಮುಖಾನನ ತಾಯಿ ನಿಂತಿದ್ದರು. ಗೆಲುವನ್ನು ಕಣ್ಣಾರೆ ಕಾಣಲೆಂದು ಮಗನೇ ಅನುಮತಿಚೀಟಿ ಬರೆದು, ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿದ್ದ.

“ಹೊರಗಿನೋರು ಇಲ್ಲಿಗೆ ಬರಬಾರದಲ್ವಾ, ಆಗಾ?”

“ನಿಮ್ಮೆಲ್ಲರ ಬುದ್ಧಿ ಸೇರಿಸಿದ್ರೂ ನಮ್ಮಮ್ಮನ ಕಾಲುಭಾಗ ಆಗಲ್ಲ.”

ಇಪ್ಪತ್ತೊಂದನೆಯ ನಿಮಿಷ. ಬಾಗಿಲು ಮುಚ್ಚಿತು. ಎಂಜಿನ್ ಮೊರೆಯಿತು. ಎರ್ಮುಖಾನ್ ವಿಮಾನಕ್ಕೆ ಬೆನ್ನು ಹಾಕಿ, ಸಾಲಾಗಿ ನಿಂತ ಆಳುಗಳತ್ತ ತಿರುಗಿದ.

“ನೋಡಿ ಕಲೀರಿ. ಕೆಲಸ ಅಂದ್ರೆ ಇದು!”

ಯಾರೂ ಅವನನ್ನು ನೋಡುತ್ತಿರಲಿಲ್ಲ.

ಮದುವೆಯಿರಲಿ, ತೊಟ್ಟಿಲಿರಲಿ, ಮನೆಯ ಶುಭಗಳಿಗೆಗೆ ಮಿಠಾಯಿ ತೂರದೆ ಬಿಟ್ಟ ಕಜಕ್ ತಾಯಿಯಿಲ್ಲ. ಅವನ ತಾಯಿಯೂ ಜೇಬಿನಿಂದ ಎರಡು ಹಿಡಿ ತೆಗೆದು, ಸಂತೋಷದಿಂದ ಆಕಾಶಕ್ಕೆ ತೂರಿದ್ದರು. ಒಂದೂ ನೆಲ ಮುಟ್ಟಲಿಲ್ಲ. ಎಂಜಿನ್ ಅಷ್ಟನ್ನೂ ಗಾಳಿಯಲ್ಲೇ ಹೀರಿಕೊಂಡಿತು. ಒಂದು ಕರ್ಕಶ ಸದ್ದು, ಆಮೇಲೆ ಮೌನ.

“ನೋಡಿದ್ಯೇನೋ ಮಗನೇ,” ತಾಯಿ ಹಿಗ್ಗಿ ಕೂಗಿದರು, “ನಿನ್ನ ಮರ್ಯಾದೆಗೆ ವಿಮಾನಾನೂ ನಿಂತುಬಿಡ್ತು!”